ಸಿರಪ್ ಕೊಡಲಾಗಿದೆ

ಫೆಬ್ರವರಿ 9

(ಈಜುಕೊಳದ ಬಳಿ ನಡೆದ ಸಂತಾಪ ಸಭೆಯಲ್ಲಿ ಓದಿದ ಪತ್ರ. ಪ್ರತಿ: ಹೃದ್ರೋಗ ವಾರ್ಡಿನಲ್ಲಿ ಅಂದು ಕರ್ತವ್ಯದಲ್ಲಿದ್ದ ಡಾಕ್ಟರಿಗೆ, ಅವರ ಹೊಸ ವಿಳಾಸಕ್ಕೆ.)

ಇಲ್ಲಿ ನೆರೆದಿರುವ ನಿಮ್ಮೆಲ್ಲರಿಗೂ ವಂದನೆಗಳು. ಕೆಲಸದ ದಿನವಾದರೂ ಬಂದಿದ್ದೀರಿ. ಕೊಳದ ಕಾವಲಿನವರು ಇಂದು ಯಾರೂ ನೀರಿಗಿಳಿಯದಂತೆ ಹಗ್ಗ ಕಟ್ಟಿದ್ದಾರೆ; ಅವರಿಗೂ ನಾನು ಕೃತಜ್ಞ. ಇಲ್ಲಿ ಈಜು ಕಲಿಸುತ್ತಿದ್ದ ನನ್ನ ಮಗಳಿಗೆ ನಿಮ್ಮ ಮಕ್ಕಳು ‘ಸೀಟಿ ಮಿಸ್’ ಎಂದು ಹೆಸರಿಟ್ಟಿದ್ದರೆಂಬುದು ನನಗೆ ತಿಳಿದದ್ದು ಈ ವಾರ. ಮನೆಯಲ್ಲಿ ಅವಳು ಸೀಟಿ ಊದುತ್ತಿರಲಿಲ್ಲ. ಮನೆಯಲ್ಲಿ ಆ ಕೆಲಸ ನನ್ನದಾಗಿತ್ತು.

ಆದರೆ ನಿಮ್ಮ ಅನುಕಂಪವನ್ನು ನಾನು ಸ್ವೀಕರಿಸಲಾರೆ. ಇದನ್ನು ಒರಟುತನವೆಂದು ಭಾವಿಸಬೇಡಿ. ಬಾಗಿಲಿಗೆ ಬಂದವರಲ್ಲಿ ಹತ್ತು ಮಂದಿಯಾದರೂ ನನ್ನ ಕೈ ಹಿಡಿದು, ‘ಅವಳ ಆಯಸ್ಸು ಅಷ್ಟೇ ಇತ್ತು ಸರ್’ ಎಂದರು. ಆಯಸ್ಸನ್ನು ಯಾರೂ ತೂಗಿ ನೋಡಿಲ್ಲ. ನಾನು ಮೂವತ್ತು ವರ್ಷ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರನಾಗಿದ್ದವನು. ತೂಗಲಾರದ್ದನ್ನು ಕಾರಣವೆಂದು ಒಪ್ಪುವ ಅಭ್ಯಾಸ ನನಗಿಲ್ಲ. ತೂಗಬಹುದಾದ ಒಂದು ವಸ್ತು ಇಲ್ಲಿದೆ. ಅದನ್ನು ನಿಮ್ಮ ಮುಂದಿಡುತ್ತೇನೆ.

ಹೃದಯಾಘಾತವಾದಾಗ ನನ್ನ ಮಗಳು ತನ್ನ ಕಾಲ ಮೇಲೆಯೇ ನಡೆದು ಆಸ್ಪತ್ರೆಗೆ ಹೋದಳು. ಮುಚ್ಚಿದ್ದ ರಕ್ತನಾಳವನ್ನು ತೆರೆದರು, ಕುಶಲವಾಗಿ ತೆರೆದರು. ಶ್ವಾಸಕೋಶದಲ್ಲಿ ನೀರು ನಿಂತಿತ್ತು. ಅದನ್ನು ಮೂತ್ರದಲ್ಲಿ ಇಳಿಸಲು ಇಂಜೆಕ್ಷನ್ ಕೊಟ್ಟರು. ಆ ನೀರಿನ ಜೊತೆಗೆ ರಕ್ತದ ಪೊಟ್ಯಾಸಿಯಂ ಎಂಬ ಲವಣವೂ ಇಳಿದುಹೋಗುತ್ತದೆ. ಹೃದಯದ ಬಡಿತವನ್ನು ದಾರಿ ತಪ್ಪದಂತೆ ಹಿಡಿದಿಡುವ ಲವಣಗಳಲ್ಲಿ ಅದು ಮುಖ್ಯವಾದದ್ದು. ಹೃದಯಾಘಾತವಾದವರಲ್ಲಿ ಅದು ನಾಲ್ಕರ ಆಸುಪಾಸಿನಲ್ಲಿರಬೇಕೆಂದು ಅದೇ ಆಸ್ಪತ್ರೆಯ ಗೋಡೆಯ ಮೇಲೆ ಬರೆದು ಅಂಟಿಸಿದ್ದಾರೆ. ನನ್ನ ಮಗಳದ್ದು ಕೊನೆಯ ದಿನ ಬೆಳಗ್ಗೆ 2.9 ಇತ್ತು. ಪೊಟ್ಯಾಸಿಯಂ ಡ್ರಿಪ್ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಡ್ಯೂಟಿ ಡಾಕ್ಟರು ಅದನ್ನು ನಿಲ್ಲಿಸಿದರು. ಸಂಜೆ ಅವಳ ಹೃದಯ ಬಡಿಯುವುದನ್ನು ಬಿಟ್ಟು ನಡುಗತೊಡಗಿತು. ಶಾಕ್ ಕೊಟ್ಟರೂ ಮರಳಲಿಲ್ಲ.

ಡ್ರಿಪ್ಪನ್ನು ನಿಲ್ಲಿಸಿದ ಕೈ ವಿಧಿಯದ್ದಲ್ಲ. ನಾನು ವೈದ್ಯಕೀಯ ಸಮಿತಿಗೆ ದೂರು ಕೊಟ್ಟಿದ್ದೇನೆ. ಆಸ್ಪತ್ರೆ ಆ ಡಾಕ್ಟರನ್ನು ದೂರದ ಊರಿನ ಶಾಖೆಗೆ ಕಳುಹಿಸಿದೆ. ವಿಚಾರಣೆಯಲ್ಲಿ ದೂರು ಸಾಬೀತಾದರೆ ಅವರ ನೋಂದಣಿ ರದ್ದಾಗುತ್ತದೆ. ರದ್ದಾಗಬೇಕೆಂಬುದೇ ನನ್ನ ಪಕ್ಷ. ಅನುಕಂಪ ತೋರುವ ಬದಲು, ವಿಚಾರಣೆಯ ದಿನ ಬಂದು ನನ್ನ ಹಿಂದೆ ಕುಳಿತುಕೊಳ್ಳಿ.


ಫೆಬ್ರವರಿ 20

ಮಾನ್ಯರೇ,

ನಿಮ್ಮ ಪತ್ರದ ಪ್ರತಿ ತಲುಪಿತು. ನಿಮಗೆ ಬರೆಯಬಾರದೆಂದು ಆಸ್ಪತ್ರೆಯ ವಕೀಲರು ನನಗೆ ಹೇಳಿದ್ದಾರೆ. ಬರೆಯದೆ ಇರಲಾಗಲಿಲ್ಲ.

ಡ್ರಿಪ್ ನಿಲ್ಲಿಸಿದ್ದು ನಾನೇ. ಪೊಟ್ಯಾಸಿಯಂ ಸಣ್ಣ ನರದಲ್ಲಿ ಹೋಗುವಾಗ ಬೆಂಕಿಯ ಹಾಗೆ ಉರಿಯುತ್ತದೆ. ನಿಮ್ಮ ಮಗಳ ಮೊಣಕೈವರೆಗೂ ಕೆಂಪು ಗೆರೆ ಎದ್ದಿತ್ತು. ಇನ್ನೊಂದು ಕೈಗೆ ಹಾಕಿದೆವು, ಅಲ್ಲೂ ಊದಿತು. ಕತ್ತಿನ ದೊಡ್ಡ ನರಕ್ಕೆ ಹಾಕಬಹುದಿತ್ತು. ಆದರೆ ರಕ್ತ ತೆಳುಮಾಡುವ ಔಷಧಿ ನಡೆಯುತ್ತಿದ್ದುದರಿಂದ ಅಲ್ಲಿ ರಕ್ತಸ್ರಾವವಾಗುವ ಭಯವಿತ್ತು. ಅವಸರದಿಂದ ಏರಿಸುವ ಹಾಗೂ ಇಲ್ಲ. ಹೆಚ್ಚಾದರೆ ಅದೇ ಲವಣ ಹೃದಯವನ್ನು ನಿಲ್ಲಿಸುತ್ತದೆ. ಹಾಗಾಗಿ ಬಾಯಿಯಿಂದ ಕುಡಿಯುವ ಪೊಟ್ಯಾಸಿಯಂ ಸಿರಪ್ಪಿಗೆ ಬದಲಾಯಿಸಿದೆ, ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ. ಬಡಿತವನ್ನು ಹಿಡಿದಿಡುವ ಇನ್ನೊಂದು ಲವಣ ಮೆಗ್ನೀಸಿಯಂ, ಅದನ್ನು ಬೇರೆಯಾಗಿ ಕೊಟ್ಟೆ.

ಮಧ್ಯಾಹ್ನವೇ ರಕ್ತವನ್ನು ಮತ್ತೊಮ್ಮೆ ಪರೀಕ್ಷೆಗೆ ಕಳುಹಿಸಬೇಕಿತ್ತು. ಎರಡು ಸಲದ ಸಿರಪ್ ಆಗಿದೆ, ರಾತ್ರಿ ಕಳುಹಿಸಿದರಾಯಿತು ಅಂದುಕೊಂಡೆ. ಆ ನಿರ್ಧಾರ ನನ್ನದು. ಅದಕ್ಕೆ ಬೇರೆ ಯಾರೂ ಹೊಣೆಯಲ್ಲ. ದಯವಿಟ್ಟು ಈ ಕೊನೆಯ ಮಾತನ್ನು ನಂಬಿ.

ನಿಮ್ಮ ಮಗಳು ನನಗೊಂದು ಮಾತು ಹೇಳಿದ್ದರು. ‘ಡಾಕ್ಟ್ರೇ, ನಮ್ಮಪ್ಪನ ಹತ್ರ ಮಾತ್ರ ವಾದಕ್ಕೆ ಇಳೀಬೇಡಿ. ಕಾಲೇಜಲ್ಲಿ ಡಿಬೇಟ್ ಕಪ್ ಗೆದ್ದವರು. ಆ ಕಪ್ ಇನ್ನೂ ಕೆಳಗೆ ಇಟ್ಟಿಲ್ಲ.’ ನೋವಿನಲ್ಲೂ ನಗುತ್ತಿದ್ದರು.

ಇಂತಿ,
ಅಂದಿನ ಡ್ಯೂಟಿ ಡಾಕ್ಟರ್


ಮಾರ್ಚ್ 1

ಡಾಕ್ಟರವರೇ,

ಉತ್ತರಿಸುವ ಧೈರ್ಯ ಮಾಡಿದ್ದೀರಿ, ಅದನ್ನು ಮನ್ನಿಸುತ್ತೇನೆ. ನನ್ನ ಮಗಳ ನಗೆಯನ್ನು ನಿಮ್ಮ ಪತ್ರದ ತುದಿಗೆ ಕಟ್ಟಿ ಕಳುಹಿಸಿದ್ದನ್ನು ಮನ್ನಿಸುವುದಿಲ್ಲ. ವಾದದಲ್ಲಿ ಬಲವಿಲ್ಲದವರು ಸಭೆಯ ಕಣ್ಣೊದ್ದೆ ಮಾಡಲು ನೋಡುತ್ತಾರೆ. ಆ ಉಪಾಯ ನನಗೆ ಹಳೆಯದು.

ಡ್ರಿಪ್ ಉರಿಯುತ್ತಿತ್ತು ಎಂಬುದನ್ನು ಒಪ್ಪುತ್ತೇನೆ. ಆ ಕೆಂಪು ಗೆರೆಯನ್ನು ನಾನೂ ಕಂಡಿದ್ದೇನೆ. ಉರಿದರೆ ಉರಿಯಲಿ, ಸಾಯುವುದಕ್ಕಿಂತ ಉರಿ ಲೇಸು ಎಂದು ನಾನು ಅಂದೇ ಹೇಳಿದ್ದೆ. ನೀವು ಕೇಳಲಿಲ್ಲ. ಅದು ಹಾಗಿರಲಿ. ಈಗ ನಿಮ್ಮ ಸಿರಪ್ಪಿನ ಮಾತಿಗೆ ಬರುತ್ತೇನೆ.

ಎರಡು ಸಲ ಸಿರಪ್ ಹೊಟ್ಟೆಗೆ ಹೋಗಿದೆ ಎನ್ನುತ್ತೀರಿ. ಮೊದಲನೆಯದಕ್ಕೆ ನಾನೇ ಸಾಕ್ಷಿ. ಮುಖ ಸಿಂಡರಿಸಿಕೊಂಡು, ‘ಅಪ್ಪಾ, ಇದು ಔಷಧಿ ಅಲ್ಲ, ಸಮುದ್ರದ ಕೆಸರು’ ಎಂದಳು. ಕೊನೆಯ ಹನಿಯವರೆಗೂ ನಾನು ಲೋಟ ಹಿಡಿದು ನಿಂತಿದ್ದೆ. ಎರಡನೆಯದನ್ನೂ ಕೊಡಲಾಗಿದೆ ಎಂದು ವಾರ್ಡಿನ ಸಿಸ್ಟರ್ ಔಷಧಿಯ ಪಟ್ಟಿಯಲ್ಲಿ ಗುರುತು ಹಾಕಿದ್ದಾರೆ. ಹಾಗಾದರೆ, ಸಂಜೆ ಅವಳು ಕುಸಿದ ಕ್ಷಣದಲ್ಲಿ ತೆಗೆದ ರಕ್ತದಲ್ಲಿ ಪೊಟ್ಯಾಸಿಯಂ 2.7ಕ್ಕೆ ಇಳಿದಿದ್ದು ಹೇಗೆ? ತಕ್ಕಡಿಯ ತಟ್ಟೆಗೆ ತೂಕ ಹಾಕಿದ ಮೇಲೆ ತಟ್ಟೆ ಮೇಲೇಳುವುದನ್ನು ನಾನು ಅಂಗಡಿಗಳಲ್ಲಿ ಕಂಡಿದ್ದೇನೆ. ಅಲ್ಲೆಲ್ಲ ಯಾರದೋ ಬೆರಳು ಇರುತ್ತಿತ್ತು.

ಇಲ್ಲಿನ ಬೆರಳು ಯಾರದು? ನನಗೆ ಕಾಣುವುದು ಒಂದೇ ಉತ್ತರ. ಸಿಸ್ಟರ್ ಎರಡನೆಯ ಸಲದ ಸಿರಪ್ ಕೊಡಲೇ ಇಲ್ಲ. ಕೊಟ್ಟೆನೆಂದು ಸುಳ್ಳು ಬರೆದರು. ನೀವು ಅದನ್ನು ಮುಚ್ಚುತ್ತಿದ್ದೀರಿ. ಉತ್ತರ ಬಾರದಿದ್ದರೆ ಅವರ ಮೇಲೂ ದೂರು ಹೋಗುತ್ತದೆ.


ಮಾರ್ಚ್ 12

ಮಾನ್ಯರೇ,

ಸಿಸ್ಟರ್ ಮೇಲೆ ದೂರು ಕೊಡಬೇಡಿ. ನನ್ನ ಮೇಲೆ ಎಷ್ಟು ಬೇಕಾದರೂ ಬರೆಯಿರಿ, ಅವರನ್ನು ಬಿಟ್ಟುಬಿಡಿ. ಆ ವಾರ್ಡಿನ ಹಾಸಿಗೆಗಳ ಒಂದು ಸಾಲು ಪೂರ್ತಿ ಅವರೊಬ್ಬರ ತಲೆಯ ಮೇಲಿರುತ್ತದೆ. ಅವರು ಸುಳ್ಳು ಬರೆದಿಲ್ಲ. ಸಿರಪ್ ಅಳೆದು, ಲೋಟಕ್ಕೆ ಹಾಕಿ, ಹಾಸಿಗೆಯ ಪಕ್ಕದಲ್ಲಿದ್ದವರ ಕೈಗೆ ಕೊಟ್ಟಿದ್ದಾರೆ. ನಮ್ಮಲ್ಲಿ ಬಾಯಿಯ ಔಷಧಿಯೆಲ್ಲ ಹಾಗೇ ನಡೆಯುವುದು: ಮನೆಯವರ ಕೈಗೆ ಕೊಟ್ಟರೆ ‘ಕೊಡಲಾಗಿದೆ’. ನಾನು ಕಲಿತ ಆಸ್ಪತ್ರೆಯಲ್ಲೂ ಹಾಗೇ ಇತ್ತು, ಈಗ ಬಂದಿರುವಲ್ಲೂ ಹಾಗೇ. ನಿಂತು ಕುಡಿಸುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ.

2.7 ಹೇಗಾಯಿತೆಂದು ಕೇಳಿದ್ದೀರಿ. ನೀರಿಳಿಸುವ ಇಂಜೆಕ್ಷನ್ ಮಧ್ಯಾಹ್ನವೂ ನಡೆದಿತ್ತು. ಒಂದು ಕಡೆ ತುಂಬಿದರೂ ಇನ್ನೊಂದು ಕಡೆ ಸೋರುತ್ತಿತ್ತು. ಅಷ್ಟು ಸಾಕೆಂದುಕೊಳ್ಳಿ. ಪೊಟ್ಯಾಸಿಯಂ ಸರಿಯಿದ್ದವರಿಗೂ ಹೃದಯಾಘಾತದ ಮೊದಲ ದಿನಗಳಲ್ಲಿ ಹೀಗಾಗುವುದುಂಟು. ಇದನ್ನು ನೆಪವೆಂದು ಹೇಳುತ್ತಿಲ್ಲ.

ಮನೆಯಲ್ಲಿ ಅಮ್ಮ ಹೇಗಿದ್ದಾರೆ?


ಮಾರ್ಚ್ 19

ಡಾಕ್ಟರವರೇ,

ನೀವು ಅರಿಯದೆಯೇ ನನಗೊಂದು ಉಪಕಾರ ಮಾಡಿದ್ದೀರಿ. ‘ಹಾಸಿಗೆಯ ಪಕ್ಕದಲ್ಲಿದ್ದವರ ಕೈಗೆ’ ಎಂದಿದ್ದೀರಿ. ಆ ಮಧ್ಯಾಹ್ನ ನಾನು ಪಕ್ಕದಲ್ಲಿರಲಿಲ್ಲ. ಡ್ರಿಪ್ ನಿಲ್ಲಿಸಿದ್ದರ ವಿರುದ್ಧ ವಾದಿಸಲು ನಿಮ್ಮ ಮುಖ್ಯ ವೈದ್ಯರ ಕೊಠಡಿಗೆ ಹೋಗಿದ್ದೆ. ಅವರು ನನ್ನನ್ನು ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕೂರಿಸಿದರು. ಹಾಸಿಗೆಯ ಪಕ್ಕದಲ್ಲಿದ್ದದ್ದು ನನ್ನ ಪತ್ನಿ.

ಅವಳ ಬಗ್ಗೆ ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನನ್ನ ರಕ್ತದೊತ್ತಡದ ಮಾತ್ರೆಯನ್ನು ಇಷ್ಟು ವರ್ಷಗಳಲ್ಲಿ ಒಂದು ಬೆಳಗ್ಗೆಯೂ ಅವಳು ಮರೆತಿಲ್ಲ. ನಾನು ಗದರಿದರೂ ಮಾತ್ರೆ ನುಂಗಿದ ಮೇಲೆ ನಾಲಿಗೆ ತೋರಿಸಬೇಕು. ಅಂಥವಳ ಕೈಗೆ ಕೊಟ್ಟ ಔಷಧಿ ಹೊಟ್ಟೆಗೆ ಹೋಗಿಯೇ ಇರುತ್ತದೆ. ಆದ್ದರಿಂದ ಸಿಸ್ಟರ್ ಮೇಲಿನ ಆರೋಪವನ್ನು ಕೈಬಿಡುತ್ತೇನೆ. ಎರಡು ಸಲ ಸಿರಪ್ ಹೋದರೂ ಲವಣ ಏರಲಿಲ್ಲವೆಂದರೆ, ಅವಳಿಗೆ ಸಿರಪ್ ಸಾಕಾಗುತ್ತಿರಲಿಲ್ಲ, ಡ್ರಿಪ್ಪೇ ಬೇಕಿತ್ತು ಎಂದಾಯಿತು. ನಿಮ್ಮ ಕೊನೆಯ ಬಾಗಿಲೂ ಮುಚ್ಚಿತು.

ಏಪ್ರಿಲ್ 12ರ ವಿಚಾರಣೆಯಲ್ಲಿ ನನ್ನ ಪತ್ನಿಯನ್ನು ಸಾಕ್ಷಿಯಾಗಿ ಕರೆಯುತ್ತೇನೆ. ಸಿರಪ್ ತನ್ನ ಕೈಯಿಂದಲೇ ಕುಡಿಸಿದೆನೆಂದು ಅವಳು ಎಲ್ಲರೆದುರು ಹೇಳುತ್ತಾಳೆ. ಅವಳು ಹೇಗಿದ್ದಾಳೆಂದು ಕೇಳಿದ್ದೀರಿ. ಅಂದು ಬಂದು ನೋಡಿಕೊಳ್ಳಿ.


ಮಾರ್ಚ್ 24

ಸರ್,

ದಯವಿಟ್ಟು ಅಮ್ಮನನ್ನು ಸಾಕ್ಷಿಗೆ ಕರೆಯಬೇಡಿ.

ಕಾರಣ ಕೇಳಬೇಡಿ. ತಪ್ಪೆಲ್ಲ ನನ್ನದೇ ಎಂದು ಸಮಿತಿಯ ಮುಂದೆ ನಾನೇ ಒಪ್ಪಿಕೊಳ್ಳುತ್ತೇನೆ. ನೀವು ಏನು ಬರೆದು ಕಳುಹಿಸಿದರೂ ಅದರ ಕೆಳಗೆ ಸಹಿ ಹಾಕುತ್ತೇನೆ. ನನ್ನ ನೋಂದಣಿ ಹೋಗಬೇಕೆಂದು ತಾನೇ ನಿಮ್ಮ ಬೇಡಿಕೆ? ಹೋಗಲಿ. ಅದಕ್ಕೆ ಸಾಕ್ಷಿಯೇ ಬೇಕಾಗಿಲ್ಲ.

ಅಮ್ಮನನ್ನು ಮಾತ್ರ ಆ ಕುರ್ಚಿಯಲ್ಲಿ ಕೂರಿಸಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.


ಮಾರ್ಚ್ 29

ಡಾಕ್ಟರವರೇ,

ಎದುರಾಳಿ ಯಾವ ಸಾಕ್ಷಿಗೆ ಹೆದರುತ್ತಾನೋ ಆ ಸಾಕ್ಷಿಯನ್ನೇ ಮೊದಲು ಕರೆಯಬೇಕೆಂದು ನಾನು ಇಪ್ಪತ್ತನೆಯ ವಯಸ್ಸಿನಲ್ಲಿಯೇ ಕಲಿತೆ. ನಿಮ್ಮ ಪತ್ರದ ಒಂದೊಂದು ಸಾಲೂ ಅದನ್ನೇ ದೃಢಪಡಿಸುತ್ತದೆ. ಬೇಡಿಕೊಂಡು ಸಹಿ ಹಾಕುವ ತಪ್ಪೊಪ್ಪಿಗೆ ನನಗೆ ಬೇಡ. ನಾನು ಕೇಳುತ್ತಿರುವುದು ನ್ಯಾಯವೇ ಹೊರತು ನಿಮ್ಮ ಔದಾರ್ಯವಲ್ಲ.

ನಾಳೆಯಿಂದಲೇ ನನ್ನ ಪತ್ನಿಯನ್ನು ಪ್ರಶ್ನೆಗಳಿಗೆ ಸಿದ್ಧಪಡಿಸುತ್ತೇನೆ. ಜನರ ಮುಂದೆ ಮಾತನಾಡಿ ಅಭ್ಯಾಸವಿಲ್ಲದವಳು; ಅಭ್ಯಾಸ ಬೇಕು.


ಏಪ್ರಿಲ್ 5

ಸರ್,

ಅದಾದ ಮೇಲೆ ನಿಮ್ಮಿಂದ ಪತ್ರವಿಲ್ಲ. ಅಂಚೆಯವರು ಬಂದಾಗಲೆಲ್ಲ ವಾರ್ಡ್ ಬಿಟ್ಟು ಗೇಟಿನವರೆಗೆ ಓಡುತ್ತೇನೆ. ಇಲ್ಲಿಯ ಸಿಸ್ಟರ್‌ಗಳು ‘ಡಾಕ್ಟರಿಗೆ ಮದುವೆ ಗೊತ್ತಾಗಿದೆ’ ಅಂತ ನಗಾಡುತ್ತಿದ್ದಾರೆ.

ಅಮ್ಮನನ್ನು ಏನು ಕೇಳಿದಿರಿ? ಅಮ್ಮ ಏನು ಹೇಳಿದರು? ಬೈಯುವುದಕ್ಕಾದರೂ ಒಂದು ಸಾಲು ಬರೆಯಿರಿ.


ಏಪ್ರಿಲ್ 10

ಡಾಕ್ಟರೇ,

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ವಿಚಾರಣೆಗೆ ಮೊದಲೇ ನಿಮ್ಮ ಕೈ ಸೇರಬೇಕಾದ್ದರಿಂದ ನಿಮ್ಮ ಊರಿಗೆ ಹೊರಟ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಯೋಚಿಸಲು ಅಷ್ಟು ಕಾಲ ಬೇಕಿತ್ತು.

ಮಾರ್ಚ್ ಮೂವತ್ತರಂದು ಊಟದ ಮೇಜಿನ ಒಂದು ಬದಿಗೆ ಅವಳನ್ನು ಕೂರಿಸಿ, ಎದುರಿಗೆ ನಾನು ಕುಳಿತೆ. ಅವಳು ಈಜುಕೊಳದಿಂದ ಬಂದ ಮಗಳ ಟವೆಲುಗಳ ರಾಶಿಯನ್ನು ತೊಡೆಯ ಮೇಲಿಟ್ಟುಕೊಂಡು ಮಡಚುತ್ತಿದ್ದಳು. ಕೆಲಸ ಬಿಟ್ಟು ನನ್ನತ್ತ ಗಮನ ಕೊಡಬೇಕೆಂದೆ.

‘ಕೈಗೆ ಕಿವಿ ಇದೆಯಾ? ನೀವು ಕೇಳಿ, ನಾನು ಮಡಚ್ತೀನಿ’ ಎಂದಳು.

‘ಅಂದು ಮಧ್ಯಾಹ್ನ ಸಿಸ್ಟರ್ ನಿನ್ನ ಕೈಗೆ ಸಿರಪ್ ಕೊಟ್ಟರೇ?’

‘ಕೊಟ್ರು.’

‘ಅದನ್ನು ನೀನೇ ಕುಡಿಸಿದೆಯಲ್ಲವೇ?’

‘ಎಲ್ಲಿ ಕುಡಿಸ್ಲಿ! ಲೋಟ ನೋಡಿದ್ರೇನೇ ವಾಂತಿ ಬರೋ ಹಾಗೆ ಮಾಡಿದ್ಲು. ಬೆಳಗ್ಗೆ ನೀವು ಪೊಲೀಸಿನ ಥರ ನಿಂತು ಕುಡಿಸಿದ್ರಲ್ಲ, ಅದೇ ಇನ್ನೂ ಗಂಟಲಲ್ಲಿ ನಿಂತಿದೆ ಅಂದ್ಲು. ಅಮ್ಮಾ, ಅಪ್ಪ ಬರೋದ್ರೊಳಗೆ ಚೆಲ್ಲಿಬಿಡು ಅಂತ ಕೈ ಮುಗಿದ್ಲು ಕಣ್ರೀ, ಚಿಕ್ಕೋಳಿದ್ದಾಗ ಹಾಲಿಗೆ ಮಾಡ್ತಿದ್ಲಲ್ಲ, ಹಂಗೆ. ಬೇಸಿನ್ನಿಗೆ ಸುರಿದುಬಿಟ್ಟೆ. ಒಂದು ಹೊತ್ತಿಗೆ ಏನಾಗುತ್ತೆ, ರಾತ್ರಿದು ಕುಡಿಸಿದ್ರಾಯ್ತು ಅಂದ್ಕೊಂಡೆ.’

ಅವಳೇ ಮುಂದುವರಿಸಿದಳು.

‘ಆಮೇಲೆ ಎಲ್ಲಾ ಮುಗಿದ ಮೇಲೆ ಆ ಡಾಕ್ಟರ್ ಹುಡುಗಿ ನನ್ನ ಪಕ್ಕ ಬಂದು ಕೂತ್ಲು. ಮಧ್ಯಾಹ್ನದ ಸಿರಪ್ ಕುಡಿದ್ರಾ ಅಮ್ಮಾ ಅಂತ ಕೇಳಿದ್ಲು. ಇಲ್ಲಮ್ಮಾ, ಚೆಲ್ಲಿದೆ, ತಪ್ಪಾಯ್ತಾ ಅಂದೆ. ನನ್ನ ಎರಡೂ ಕೈ ಹಿಡ್ಕೊಂಡು, ಅದರಿಂದ ಏನೂ ಆಗಿಲ್ಲ ಅಮ್ಮಾ, ಏನೂ ಆಗಿಲ್ಲ ಅಂದ್ಲು. ಒಳ್ಳೇ ಹುಡುಗಿ ಅದು. ಅವಳ ಮೇಲೆ ಯಾಕ್ರೀ ನಿಮಗೆ ಅಷ್ಟು ಹಟ?’ ಎಂದವಳು ಮಡಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ‘ನೀವು ಆ ಡಾಕ್ಟರ್ ಪುಸ್ತಕಗಳನ್ನೆಲ್ಲ ಓದ್ತಿದೀರಲ್ಲ. ಅದರಿಂದ ಏನೂ ಆಗಿಲ್ಲ, ಅಲ್ವಾ?’

ಸತ್ಯವೆಂದು ಸಾಧಿಸಲಾಗದ ಮಾತನ್ನು ನಾನು ಈವರೆಗೆ ಯಾರಿಗೂ ಹೇಳಿದವನಲ್ಲ. ಅಂದು ಹೇಳಿದೆ. ‘ಇಲ್ಲ. ಏನೂ ಆಗಿಲ್ಲ’ ಎಂದೆ. ಅವಳು ಮುಂದಿನ ಟವೆಲು ಎತ್ತಿಕೊಂಡಳು.

ನಿಮ್ಮ ಪತ್ರಗಳನ್ನು ಮತ್ತೆ ಓದಿದೆ. ‘ಬೇರೆ ಯಾರೂ ಹೊಣೆಯಲ್ಲ’ ಎಂಬುದನ್ನು ಜಂಭವೆಂದು ತಿಳಿದಿದ್ದೆ. ‘ಅಮ್ಮ ಹೇಗಿದ್ದಾರೆ’ ಎಂಬುದನ್ನು ನಾಟಕವೆಂದುಕೊಂಡಿದ್ದೆ. ‘ಸಿರಪ್ ಹೊಟ್ಟೆಗೆ ಹೋಗಿಲ್ಲ’ ಎಂಬ ಒಂದೇ ವಾಕ್ಯವನ್ನು ಸಮಿತಿಗೆ ತಿಳಿಸಿದ್ದರೆ ನಿಮ್ಮ ನೋಂದಣಿಗೆ ಅಪಾಯವಿರುತ್ತಿರಲಿಲ್ಲ. ನನ್ನ ಪತ್ನಿಗೆ ಹೇಳಿದ ಮಾತು ಸುಳ್ಳಾಗುತ್ತದೆಂದು ನೀವು ಅದನ್ನು ನುಡಿಯಲಿಲ್ಲ.

ಆದರೆ ನಿಮ್ಮನ್ನು ನಾನು ದೋಷಮುಕ್ತರೆಂದು ಸಾರುತ್ತಿಲ್ಲ. ನೀವು ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಬೇಕಿತ್ತು. ಮಧ್ಯಾಹ್ನವೇ ಬಂದು, ಕುಡಿದಿರಾ ಎಂದು ಕೇಳಬೇಕಿತ್ತು. ಕೇಳಿದ್ದರೆ ನನ್ನ ಮಗಳು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ, ಚೆಲ್ಲುವುದು ಮಾತ್ರ ಬರುತ್ತಿತ್ತು. ಅದಕ್ಕೆ ನಾನು ಹೆದರಿಸಿದ್ದೇ ಕಾರಣವೋ ಏನೋ, ಅದನ್ನು ತೂಗುವ ತಕ್ಕಡಿ ನನ್ನ ಬಳಿ ಇಲ್ಲ. ಆ ಒಂದು ಸಲದ ಸಿರಪ್ ಅವಳನ್ನು ಉಳಿಸುತ್ತಿತ್ತೇ? ನಾನು ಓದಿದ ಯಾವ ಪುಸ್ತಕವೂ ಉಳಿಸುತ್ತಿತ್ತೆಂದು ಹೇಳುವುದಿಲ್ಲ, ಉಳಿಸುತ್ತಿರಲಿಲ್ಲವೆಂದೂ ಹೇಳುವುದಿಲ್ಲ. ಈ ಅರ್ಧ ಉತ್ತರದೊಂದಿಗೆ ನಾನು ಬದುಕಬಲ್ಲೆ. ನನ್ನ ಪತ್ನಿ ಬದುಕಲಾರಳು.

ನಿಮಗೆ ನಾನು ವಿಧಿಸುವ ಶಿಕ್ಷೆ ಒಂದೇ. ಇನ್ನು ಮೇಲೆ ನೀವು ಇರುವ ವಾರ್ಡಿನಲ್ಲಿ, ಪೊಟ್ಯಾಸಿಯಂ ಕಡಿಮೆಯಾದ ಹೃದಯದ ರೋಗಿಗೆ ಸಿರಪ್ ಕೊಟ್ಟರೆ, ಅದು ಗಂಟಲಿನಿಂದ ಇಳಿಯುವವರೆಗೆ ನಿಮ್ಮವರೊಬ್ಬರು ಪಕ್ಕದಲ್ಲಿ ನಿಲ್ಲಬೇಕು. ಲೋಟವನ್ನು ತಾಯಿಯ ಕೈಗೆ ಕೊಟ್ಟು ಹೋಗಬಾರದು. ಯಾರಿಗೂ ಹೊತ್ತಿಲ್ಲವೆಂದು ಬರೆದಿದ್ದಿರಿ. ಹೊತ್ತು ಮಾಡಿಕೊಳ್ಳಿ.

ಇನ್ನು ಹನ್ನೆರಡನೆಯ ತಾರೀಖಿನ ಮಾತು. ಈಜುಕೊಳದ ಮಕ್ಕಳ ಪೋಷಕರೆಲ್ಲ ನನ್ನ ಹಿಂದೆ ಬಂದು ಕುಳಿತುಕೊಳ್ಳುತ್ತಾರೆ, ನಾನೇ ಕರೆದಿದ್ದೇನೆ. ನನ್ನ ಪತ್ನಿಗೆ ಬರಬೇಕಾಗಿಲ್ಲವೆಂದು ತಿಳಿಸಿದ್ದೇನೆ. ‘ಸದ್ಯ, ನನ್ನ ಪರೀಕ್ಷೆ ತಪ್ಪಿತು’ ಎಂದು ನಿಟ್ಟುಸಿರು ಬಿಟ್ಟಳು. ನೀವು ಬನ್ನಿ, ಆದರೆ ಬಾಯಿ ತೆರೆಯಬೇಡಿ. ತಪ್ಪೊಪ್ಪಿಗೆಯ ಕಾಗದ ಬರೆದಿಟ್ಟುಕೊಂಡಿದ್ದರೆ ಹರಿದುಹಾಕಿ. ದೂರು ನನ್ನದು, ದೂರುದಾರನಿಲ್ಲದೆ ವಿಚಾರಣೆ ಮುಂದುವರಿಯದೆಂದು ಸಮಿತಿಯ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ.

ನನ್ನನ್ನು ಕರೆದಾಗ ಎದ್ದು ನಿಲ್ಲುತ್ತೇನೆ. ನನ್ನ ವಾದ ಸೋತಿದೆ, ದೂರನ್ನು ಹಿಂತೆಗೆದುಕೊಂಡಿದ್ದೇನೆ ಎನ್ನುತ್ತೇನೆ. ಕಾರಣವೇನೆಂದು ಕೇಳುತ್ತಾರೆ. ಆಸ್ಪತ್ರೆಯವರು ಮುದುಕನ ಬಾಯಿ ಮುಚ್ಚಿಸಿದರು ಎಂದು ನನ್ನ ಹಿಂದಿನ ಸಾಲಿನಲ್ಲಿಯೇ ಪಿಸುಗುಟ್ಟುತ್ತಾರೆ. ಮಗಳ ಸಾವನ್ನೂ ಮಾರಿಕೊಂಡ ಎಂದು ಯಾರಾದರೂ ಮುಖದ ಮೇಲೆಯೇ ಅನ್ನಬಹುದು. ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಈ ತೀರ್ಮಾನಕ್ಕೆ ನಾನು ಯಾರ ಒಪ್ಪಿಗೆಯನ್ನೂ ಕೇಳಿಲ್ಲ, ನಿಮ್ಮದನ್ನೂ ಕೇಳುತ್ತಿಲ್ಲ. ಅಷ್ಟು ಹೇಳಿ ನಾನು ಕುಳಿತುಬಿಡುತ್ತೇನೆ.